ಎಸಿ ಮತ್ತು ಹೀಟ್ ಪಂಪ್: ಕಲಬುರಗಿ, ಬೀದರ್, ಯಾದಗಿರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೋಳಿ ಹುಣ್ಣಿಮೆ ಬರುವಷ್ಟರಲ್ಲಿ ನಮ್ಮ ಕಡೆ ಎಸಿ ಮಾತು ಶುರುವಾಗುತ್ತದೆ. ಎಲ್ಲರೂ ಮೊದಲು ಕೇಳುವುದು ಒಂದೇ: "ಯಾವ ಕಂಪನಿದು ತಗೊಳ್ಳಲಿ?" ಈ ಕೆಲಸದಲ್ಲೇ ಇರುವ ನಾನು ಹೇಳುವುದೂ ಒಂದೇ. ಕಂಪನಿಗಿಂತ ಜಾಸ್ತಿ ಮುಖ್ಯವಾದದ್ದು ಅದನ್ನು ಎಲ್ಲಿ ಕೂರಿಸಿದ್ರಿ, ಹೇಗೆ ಕೂರಿಸಿದ್ರಿ ಅನ್ನೋದು. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಅದೇ ವಿಷಯ ಬರುತ್ತದೆ.

ಹೀಟ್ ಪಂಪ್ ಅಂದರೆ ಏನು? ಎಸಿಗೂ ಅದಕ್ಕೂ ಏನು ಸಂಬಂಧ?

ಎರಡೂ ಒಂದೇ ಜಾತಿಯ ಮಷೀನು. ಎಸಿ ತಂಪನ್ನು ತಯಾರು ಮಾಡುವುದಿಲ್ಲ. ಕೋಣೆಯ ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ. ಬಾವಿಯಿಂದ ನೀರು ಎತ್ತುವ ಪಂಪಿನ ಹಾಗೆ, ಇದು ಬಿಸಿಯನ್ನು ಎತ್ತುವ ಪಂಪು. ಕೆಲವು ಎಸಿಗಳಲ್ಲಿ, ಬಿಸಿಯನ್ನು ಹೊತ್ತೊಯ್ಯುವ ಗ್ಯಾಸ್ ಹರಿಯುವ ದಿಕ್ಕನ್ನು ತಿರುಗಿಸುವ ಒಂದು ವಾಲ್ವ್ ಇರುತ್ತದೆ. ದಿಕ್ಕು ತಿರುಗಿದರೆ ಹೊರಗಿನ ಬಿಸಿ ಒಳಗೆ ಬರುತ್ತದೆ. ಅದನ್ನೇ ಅಂಗಡಿಯಲ್ಲಿ 'ಹಾಟ್ ಆ್ಯಂಡ್ ಕೋಲ್ಡ್' ಅಂತ ಮಾರುತ್ತಾರೆ. ಚಳಿ ದೇಶಗಳಲ್ಲಿ ಅದಕ್ಕೇ ಹೀಟ್ ಪಂಪ್ ಅಂತ ಹೆಸರು. ಸ್ನಾನದ ನೀರು ಕಾಯಿಸುವ ಹೀಟ್ ಪಂಪೂ ಇದೇ ಲೆಕ್ಕ.

ಒಂದು ಮಾತು ನೆನಪಿಟ್ಟುಕೊಳ್ಳಿ. ಎತ್ತಿದ ಬಿಸಿಗೆ ಹೋಗಲು ಜಾಗ ಬೇಕು. ಜಾಗ ಇಲ್ಲದಿದ್ದರೆ ಎಷ್ಟು ದುಡ್ಡಿನ ಮಷೀನಾದರೂ ಏದುಸಿರು ಬಿಡುತ್ತದೆ.

ಕೂಲರ್ ಸಾಕಾಗುವುದಿಲ್ವಾ?

ಏಪ್ರಿಲ್, ಮೇ ತಿಂಗಳಲ್ಲಿ ಸಾಕಾಗುತ್ತದೆ, ಬಹಳ ಮನೆಗಳಿಗೆ. ನಮ್ಮ ಬಿಸಿಲು ಒಣ ಬಿಸಿಲು. ಗಾಳಿ ಒಣಗಿದಷ್ಟೂ ಕೂಲರಿನ ನೀರು ಬೇಗ ಆರುತ್ತದೆ, ಗಾಳಿ ತಂಪಾಗುತ್ತದೆ. ಕಿಟಕಿಯಲ್ಲಿ ಕೂರಿಸಿ, ಎದುರಿನ ಬಾಗಿಲು ಸ್ವಲ್ಪ ತೆಗೆದಿಟ್ಟರೆ ಕರೆಂಟ್ ಖರ್ಚು ಬಹಳ ಕಡಿಮೆ. ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಮಾತ್ರ ಕೂಲರ್ ಸೋಲುತ್ತದೆ. ಆಗ ಗಾಳಿಯಲ್ಲೇ ಪಸೆ ಇರುತ್ತದೆ, ಮೈಯೆಲ್ಲ ಅಂಟಂಟು.

ನೀರಿನ ತಾಪತ್ರಯ ಇಲ್ಲದ, ಗಾಳಿ ಓಡಾಡುವ ಮನೆಯಾದರೆ ಕೂಲರ್ ತೆಗೆದುಕೊಳ್ಳಿ ಅಂತ ನಾನೇ ಹೇಳುತ್ತೇನೆ. ವಯಸ್ಸಾದವರು, ಕೈಕೂಸು, ಕಾಯಿಲೆಯವರು ಇದ್ದರೆ ಒಂದು ಕೋಣೆಗಾದರೂ ಎಸಿ ಇರಲಿ. ಎರಡನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಹಾಕಬೇಡಿ. ಕೂಲರ್ ತುಂಬಿಸಿದ ತೇವವನ್ನು ತೆಗೆಯುವುದರಲ್ಲೇ ಎಸಿಯ ಕರೆಂಟು ಹೋಗುತ್ತದೆ.

10×12 ಕೋಣೆಗೆ ಎಷ್ಟು ಟನ್ ಬೇಕು?

ಕೆಳಗಿನ ಮನೆ, ಬಿಸಿಲು ಬೀಳದ ಕೋಣೆ ಆದರೆ 1 ಟನ್. ಮೇಲೆ ಮಾಳಿಗೆ ಬಿಸಿಲಿಗೆ ಬಿದ್ದಿದ್ದರೆ, ಪಡುವಣ ಗೋಡೆಗೆ ಮಧ್ಯಾಹ್ನದ ಬಿಸಿಲು ಹೊಡೆಯುತ್ತಿದ್ದರೆ 1.5 ಟನ್. 1 ಟನ್ ಅಂದರೆ ಸುಮಾರು 3.5 ಕಿಲೋವ್ಯಾಟ್ ಬಿಸಿಯನ್ನು ಹೊರಗೆ ಹಾಕುವ ಶಕ್ತಿ. ಆದರೆ ಈ ಅಂಕಿ ಹೊರಗೆ 35 ಡಿಗ್ರಿ ಇರುವಾಗಿನ ಪರೀಕ್ಷೆಯದು. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 42, 43 ಡಿಗ್ರಿ ಮಾಮೂಲು. ಸಿಮೆಂಟ್ ಮಾಳಿಗೆಯ ಮೇಲೆ ಅದಕ್ಕಿಂತಲೂ ಜಾಸ್ತಿ. ಆ ಹೊತ್ತಿಗೆ ಮಷೀನಿನ ಶಕ್ತಿ ಇಳಿಯುತ್ತದೆ. ಕೊಳ್ಳುವಾಗ ಎಷ್ಟು ಡಿಗ್ರಿವರೆಗೆ ಕೆಲಸ ಮಾಡುತ್ತದೆ ಅಂತ ಕೇಳಿ. 50, 52 ಡಿಗ್ರಿ ಅಂತ ಬರೆದಿರುವ ಮಾಡೆಲ್‌ಗಳೇ ನಮ್ಮ ಊರಿಗೆ ಸರಿ.

ಇನ್ನೊಂದು ಮಾತು. ಟನ್ ಏರಿಸುವ ಮೊದಲು ಮಾಳಿಗೆಗೆ ಸುಣ್ಣವನ್ನೋ, ಬಿಸಿಲು ತಿರುಗಿಸುವ ಬಿಳಿ ಬಣ್ಣವನ್ನೋ ಬಳಿಸಿ. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಹಳೆ ಮನೆಗಳಲ್ಲಿ ಮಧ್ಯಾಹ್ನವೂ ಒಳಗೆ ತಣ್ಣಗೆ ಇರುತ್ತದೆ, ನೋಡಿದ್ದೀರಲ್ವಾ? ಬಿಸಿಯನ್ನು ಹೊರಗೆ ಹಾಕುವುದಕ್ಕಿಂತ ಒಳಗೆ ಬಿಡದೇ ಇರುವುದು ಯಾವತ್ತೂ ಅಗ್ಗ.

ಇನ್ವರ್ಟರ್ ಎಸಿ ತಗೊಂಡರೆ ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೆ ನಡೆಯುತ್ತಾ?

ಇಲ್ಲ. ಇದು ಬೇರೆ ಇನ್ವರ್ಟರ್. ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್‌ನ ವೇಗವನ್ನು ಬೇಕಾದಷ್ಟು ಏರಿಸಿ ಇಳಿಸುವ ಎಲೆಕ್ಟ್ರಾನಿಕ್ಸ್‌ಗೆ ಆ ಹೆಸರು. ಫ್ಯಾನು, ಲೈಟಿಗೆ ಇಟ್ಟ ಒಂದು ಬ್ಯಾಟರಿಯ ಇನ್ವರ್ಟರಿಗೆ ಎಸಿ ಜೋಡಿಸಬೇಡಿ.

ಔಟ್‌ಡೋರ್ ಎಲ್ಲಿ ಕೂರಿಸಬೇಕು?

ಇದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಎಸಿ ಸರಿಯಾಗಿ ತಂಪು ಮಾಡ್ತಿಲ್ಲ ಅಂತ ಕರೆದ ಮನೆಗಳಲ್ಲಿ ಎಷ್ಟೋ ಸಲ ತಪ್ಪು ಕೋಣೆಯೊಳಗೆ ಇರುವುದಿಲ್ಲ, ಹೊರಗಿರುತ್ತದೆ.

ಔಟ್‌ಡೋರ್ ಯೂನಿಟ್ಟು ಹಿಂದಿನಿಂದ ಗಾಳಿ ಎಳೆದು ಮುಂದಕ್ಕೆ ಬಿಸಿಗಾಳಿ ಉಗುಳುತ್ತದೆ. ಉಗುಳಿದ ಗಾಳಿ ಮತ್ತೆ ಹಿಂದಕ್ಕೆ ಬರಬಾರದು. ಆದರೆ ನಮ್ಮ ಓಣಿಗಳಲ್ಲಿ ಎರಡು ಮನೆಗಳ ನಡುವೆ ಮೂರು ಅಡಿ ಸಂದಿ. ಅಲ್ಲಿ ಯೂನಿಟ್ಟು ನೇತುಹಾಕಿದರೆ ಬಿಸಿಗಾಳಿ ಪಕ್ಕದ ಮನೆಯ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಪಕ್ಕದವರದ್ದೂ ಅದೇ ಸಂದಿಯಲ್ಲಿದ್ದರೆ ಮುಗಿಯಿತು, ಇವರು ಬಿಟ್ಟ ಬಿಸಿ ಅವರಿಗೆ, ಅವರದ್ದು ಇವರಿಗೆ. ಕೈ ಹಿಂದೆ ಹಿಡಿದು ನೋಡಿ. ಹಿಂಬದಿಯ ಕಾಯಿಲ್ (ಗ್ಯಾಸ್ ಹರಿಯುವ ಸುರುಳಿ ಪೈಪು) ಹತ್ತಿರ ಬರುವ ಗಾಳಿ ಅಂಗಳದ ಗಾಳಿಗಿಂತ ಬಿಸಿಯಾಗಿದ್ದರೆ ಜಾಗ ತಪ್ಪಾಗಿದೆ ಅಂತ ಅರ್ಥ.

ಕೆಲವರು ಬಿಸಿಲು ಬೀಳಬಾರದು ಅಂತ ಸುತ್ತ ತಗಡು ಹೊಡೆಸುತ್ತಾರೆ. ಕೋತಿ ಕಾಟಕ್ಕೆ ದಟ್ಟ ಜಾಲಿ ಹಾಕಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಉಸಿರು ಕಟ್ಟುತ್ತದೆ. ನೆರಳು ಬೇಕಾದರೆ ಮೇಲೆ ಎರಡು ಅಡಿ ಎತ್ತರದಲ್ಲಿ ಒಂದು ಶೀಟು ಸಾಕು, ನಾಲ್ಕೂ ಕಡೆ ತೆರೆದಿರಲಿ. ಹಿಂದೆ, ಬದಿಗೆ, ಮುಂದೆ ಎಷ್ಟು ಜಾಗ ಬಿಡಬೇಕು ಅಂತ ಮ್ಯಾನುಯಲ್‌ನಲ್ಲಿ ಚಿತ್ರ ಸಮೇತ ಇರುತ್ತದೆ. ಆ ಪುಟವನ್ನು ಫಿಟ್ಟರ್ ಎದುರಿಗೆ ತೆಗೆದಿಡಿ, ಸಂಕೋಚ ಬೇಡ.

ಬಡಗಣ ಅಥವಾ ಮೂಡಣ ಕಡೆ ಸಿಕ್ಕರೆ ಒಳ್ಳೆಯದು. ಮಾಳಿಗೆಯ ಮೇಲೆ ಇಡುವುದಾದರೆ ನೆಲದಿಂದ ಒಂದಡಿ ಎತ್ತರದ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ. ಕಾದ ಸಿಮೆಂಟಿನ ಝಳ ತಾಗುವುದು ಕಡಿಮೆಯಾಗುತ್ತದೆ, ಮಳೆಗಾಲದಲ್ಲಿ ನಿಂತ ನೀರೂ ಮುಟ್ಟುವುದಿಲ್ಲ.

ನಮ್ಮದು ಶಹಾಬಾದ್ ಕಲ್ಲಿನ ಗೋಡೆ. ಬ್ರಾಕೆಟ್ ನಿಲ್ಲುತ್ತಾ?

ಗೋಡೆ ನೋಡಿ ಹೇಳಬೇಕು. ಕಲ್ಲು ಗಟ್ಟಿ, ಆದರೆ ಪದರು ಪದರು. ಅಂಚಿನ ಹತ್ತಿರ ಡ್ರಿಲ್ ಇಟ್ಟರೆ ಚಕ್ಕೆ ಏಳುತ್ತದೆ. ಹಳೆ ಮನೆಗಳಲ್ಲಿ ಕಲ್ಲುಗಳ ನಡುವೆ ಬರೀ ಮಣ್ಣಿನ ಗಾರೆ ಇರುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಅಂಥ ಕಡೆ ಗೋಡೆಗೆ ನೇತುಹಾಕುವ ಆಸೆ ಬಿಟ್ಟು ಮಾಳಿಗೆಯ ಮೇಲೋ ನೆಲದ ಮೇಲೋ ಸ್ಟ್ಯಾಂಡ್ ಇಡಿಸಿ. ಕೆಳಗೆ ಮಕ್ಕಳು ಆಡುವ ಜಾಗ ಇರುತ್ತದೆ, ಈ ವಿಷಯದಲ್ಲಿ ಅಂದಾಜು ಬೇಡ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಗೋಡೆಗೂ ಇದೇ ಮಾತು. ಅದು ಇನ್ನೂ ಮೆತ್ತಗೆ.

ಫಿಟಿಂಗ್ ದಿನ ನಾನು ಏನೇನು ನೋಡಬೇಕು?

ಆ ಎರಡು ಮೂರು ತಾಸು ಮನೆಯಲ್ಲೇ ಇರಿ. ಮಷೀನಿನ ಆಯುಷ್ಯ ಅವತ್ತೇ ನಿರ್ಧಾರ ಆಗುತ್ತದೆ.

ಮೊದಲನೆಯದು ಫ್ಲೇರ್. ಕಾಪರ್ ಪೈಪನ್ನು ಕಟರ್‌ನಿಂದ ಕತ್ತರಿಸಿ, ಒಳಗಿನ ಚೂಪು ಅಂಚನ್ನು ಕೆರೆದು, ತುದಿಯನ್ನು ಕಹಳೆಯ ಬಾಯಿಯಂತೆ ಅಗಲಿಸುತ್ತಾರೆ. ಕೆರೆಯುವಾಗ ಪೈಪಿನ ಬಾಯಿ ಕೆಳಗೆ ಮಾಡಿ ಹಿಡಿಯಬೇಕು, ಇಲ್ಲದಿದ್ದರೆ ತಾಮ್ರದ ಪುಡಿ ಒಳಗೆ ಬೀಳುತ್ತದೆ. ಅಗಲಿಸಿದ ಬಾಯಿ ಸುತ್ತ ಒಂದೇ ಸಮ ಇರಬೇಕು, ಹೊಳೆಯಬೇಕು, ಸೀಳು ಇರಬಾರದು. ನಟ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಬೇಕು. ಆಮೇಲೆ ಎರಡು ಪಾನಾ ಹಾಕಿ, ಟಾರ್ಕ್ ಪಾನಾ ಇದ್ದರೆ ಇನ್ನೂ ಒಳ್ಳೆಯದು, ಅಳತೆಗೆ ತಕ್ಕಷ್ಟು ಬಿಗಿ ಮಾಡಬೇಕು. ಸುಮ್ನೆ ಶಕ್ತಿ ಇದ್ದಷ್ಟೂ ತಿರುವಿದರೆ ತಾಮ್ರ ತೆಳ್ಳಗಾಗಿ ಮುಂದಿನ ವರ್ಷ ಅಲ್ಲೇ ಲೀಕ್.

ಎರಡನೆಯದು ವ್ಯಾಕ್ಯೂಮ್. ಪೈಪು ಜೋಡಿಸಿದ ಮೇಲೆ ಒಳಗೆ ಸಾಮಾನ್ಯ ಗಾಳಿ ಇರುತ್ತದೆ, ಅದರಲ್ಲಿ ತೇವ ಇರುತ್ತದೆ. ಅದು ಕಂಪ್ರೆಸರ್ ಎಣ್ಣೆಯ ಜೊತೆ ಸೇರಿ ಆಸಿಡ್ ಆಗುತ್ತದೆ, ನಿಧಾನಕ್ಕೆ ಕಂಪ್ರೆಸರನ್ನು ತಿನ್ನುತ್ತದೆ. ಅದಕ್ಕೇ ವ್ಯಾಕ್ಯೂಮ್ ಪಂಪ್ ಹಚ್ಚಿ ಗಾಳಿ ಪೂರ್ತಿ ಎಳೆಯಬೇಕು. ಒಳಗೆ ಉಳಿದ ಒತ್ತಡ ಅಳೆಯುವ ಮೈಕ್ರಾನ್ ಮೀಟರ್ ಇದ್ದರೆ 500ಕ್ಕಿಂತ ಕೆಳಗೆ ಇಳಿಸಿ, ಪಂಪ್ ಬಂದ್ ಮಾಡಿ, ಹತ್ತು ನಿಮಿಷ ಮುಳ್ಳು ಏರುತ್ತದಾ ನೋಡಬೇಕು. ಏರುತ್ತಾ ಹೋದರೆ ಎಲ್ಲೋ ಲೀಕ್ ಇದೆ, ಇಲ್ಲವೇ ತೇವ ಉಳಿದಿದೆ. ಕೆಲವರು ಪಂಪ್ ತರುವುದೇ ಇಲ್ಲ. ಯೂನಿಟ್ಟಿನ ಗ್ಯಾಸನ್ನೇ ಸ್ವಲ್ಪ ಬಿಟ್ಟು 'ಏರ್ ತೆಗೆದ್ವಿ' ಅನ್ನುತ್ತಾರೆ. ಒಪ್ಪಬೇಡಿ. ಈಗಿನ ಬಹಳಷ್ಟು ಎಸಿಗಳಲ್ಲಿ ಇರುವುದು ಆರ್-32 ಅನ್ನೋ ಗ್ಯಾಸ್. ಅದಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗುಣ ಇದೆ. ಹಾಗೆ ಬಿಡುವುದು ಅಪಾಯ, ಗಾಳಿಗೂ ಕೇಡು. ಕೆಲಸ ನಡೆಯುವಾಗ ಹತ್ತಿರ ಬೀಡಿ ಸಿಗರೇಟ್ ಬೇಡವೇ ಬೇಡ.

ಮೂರನೆಯದು ಇಳಿಜಾರು. ನೀರಿನ ಪೈಪು ಉದ್ದಕ್ಕೂ ಕೆಳಮುಖವಾಗಿ ಇರಬೇಕು. ಫಿಟ್ಟರ್ ಹೋಗುವ ಮೊದಲು ಒಂದು ಲೋಟ ನೀರನ್ನು ಇಂಡೋರ್ ಟ್ರೇಗೆ ಹುಯ್ಯಿಸಿ, ಹೊರಗೆ ಬರುತ್ತದಾ ನೋಡಿ.

ಪೈಪಿನ ಮೇಲಿನ ಕಪ್ಪು ರಬ್ಬರ್ ನಮ್ಮ ಬಿಸಿಲಿಗೆ ಬೇಗ ಬಿರಿಯುತ್ತದೆ. ಹೊರಗಿನ ಭಾಗಕ್ಕೆ ಬಿಸಿಲು ತಡೆಯುವ ಟೇಪ್ ಸುತ್ತಿಸಿ, ಇಲ್ಲವೇ ಪಿವಿಸಿ ಪಟ್ಟಿಯೊಳಗೆ ಹಾಕಿಸಿ.

ವೈರಿಂಗ್, ಸ್ಟೆಬಿಲೈಸರ್ ಬೇಕೇ?

ಎಸಿಗೆ ಬೋರ್ಡಿನಿಂದ ಬೇರೆಯೇ ಲೈನ್ ಎಳೆಸಿ. 1.5 ಟನ್ನಿಗೆ 4 ಎಂಎಂ ತಾಮ್ರದ ವೈರು, 20 ಆಂಪ್ ಎಂಸಿಬಿ, ಸರಿಯಾದ ಅರ್ಥಿಂಗ್. ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ದುರ್ಬಲ ಆಗುತ್ತದೆ. ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕಿ. ಹಲವು ಇನ್ವರ್ಟರ್ ಎಸಿಗಳ ಮೇಲೆ 'ಸ್ಟೆಬಿಲೈಸರ್ ಬೇಕಿಲ್ಲ' ಅಂತ ಇರುತ್ತದೆ, ಅದರ ಜೊತೆ ಒಂದು ವೋಲ್ಟೇಜ್ ಮಿತಿಯೂ ಇರುತ್ತದೆ. ರಾತ್ರಿ ಎಲ್ಲರ ಮನೆ ಎಸಿ ನಡೆಯುವ ಹೊತ್ತಿಗೆ ನಿಮ್ಮ ಪ್ಲಗ್‌ನಲ್ಲಿ ಎಷ್ಟು ವೋಲ್ಟೇಜ್ ಇದೆ ಅಂತ ಮೀಟರ್ ಹಿಡಿದು ನೋಡಿ. ಆ ಮಿತಿಯೊಳಗೆ ಇದ್ದರೆ ಸ್ಟೆಬಿಲೈಸರ್ ದುಡ್ಡು ಉಳಿಯಿತು. ಹಳ್ಳಿ ಕಡೆ, ಲೈನ್ ಕೊನೆಯ ಮನೆಗಳಲ್ಲಿ ಹಾಕಿಸುವುದೇ ವಾಸಿ. ಮಂಜೂರಾದ ಲೋಡ್ ಕಡಿಮೆ ಇದ್ದರೆ ಜೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ.

ಎಸಿ ಹಾಕಿಸಿದರೆ ಗೃಹಜ್ಯೋತಿ ಹೋಗುತ್ತಾ?

2023ರ ಆಗಸ್ಟ್‌ನಲ್ಲಿ ಮನೆಗೆ ಉಚಿತ ಕರೆಂಟ್ ಕೊಡುವ ಈ ಯೋಜನೆಗೆ ಚಾಲನೆ ಕೊಟ್ಟದ್ದು ಕಲಬುರಗಿಯಲ್ಲೇ. ಹೀಗಾಗಿ ಈ ಪ್ರಶ್ನೆ ನಮ್ಮಲ್ಲಿ ಜಾಸ್ತಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನೀವೇ ಕಟ್ಟಬೇಕು. 200ರ ಒಳಗಿದ್ದು, ನಿಮ್ಮ ಮನೆಗೆ ನಿಗದಿಯಾದ ಮಿತಿ ದಾಟಿದರೆ ಹೆಚ್ಚಾದಷ್ಟಕ್ಕೆ ಮಾತ್ರ.

ಈಗ ಲೆಕ್ಕ ನೋಡಿ. 1.5 ಟನ್ ಇನ್ವರ್ಟರ್ ಎಸಿ ಮೊದಲ ಅರ್ಧ ತಾಸು ಜೋರಾಗಿ ಎಳೆಯುತ್ತದೆ, ಕೋಣೆ ತಂಪಾದ ಮೇಲೆ ಇಳಿಯುತ್ತದೆ. ರಾತ್ರಿ 8 ತಾಸಿಗೆ 5ರಿಂದ 8 ಯೂನಿಟ್ ಅಂತ ಹಿಡಿಯಿರಿ. ತಿಂಗಳಿಗೆ 150ರಿಂದ 240. ಮನೆಯ ಉಳಿದ ಖರ್ಚು ಸೇರಿದರೆ ಏಪ್ರಿಲ್, ಮೇನಲ್ಲಿ 200 ದಾಟುವ ಸಾಧ್ಯತೆಯೇ ಜಾಸ್ತಿ. ಇದನ್ನು ಮೊದಲೇ ತಿಳಿದು ಕೊಳ್ಳುವುದು ಒಳ್ಳೆಯದು, ಬಿಲ್ ಬಂದ ಮೇಲೆ ಗಾಬರಿ ಬೇಡ.

ಕಡಿಮೆ ಮಾಡುವ ದಾರಿ ಇದೆ. 2020ರಿಂದ ಸ್ಟಾರ್ ಲೇಬಲ್ಲಿನ ಎಸಿಗಳು ಆನ್ ಮಾಡಿದಾಗ ತಾನಾಗೇ 24 ಡಿಗ್ರಿಗೆ ಬರುತ್ತವೆ. ಅದನ್ನು 18ಕ್ಕೆ ಇಳಿಸಬೇಡಿ. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಅನ್ನೋದು ಸುಳ್ಳು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಅಂತ ಇಂಧನ ದಕ್ಷತೆ ಬ್ಯೂರೋ ಹೇಳುತ್ತದೆ. 26ಕ್ಕೆ ಇಟ್ಟು ಮೇಲಿನ ಫ್ಯಾನ್ ನಿಧಾನಕ್ಕೆ ತಿರುಗಿಸಿ ಒಂದು ರಾತ್ರಿ ಮಲಗಿ ನೋಡಿ.

ವರ್ಷಾ ವರ್ಷ ಗ್ಯಾಸ್ ತುಂಬಿಸಬೇಕಾ?

ಬೇಡ. ಗ್ಯಾಸ್ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಲೀಕ್ ಇದೆ. ಲೀಕ್ ಹುಡುಕದೆ ತುಂಬಿಸಿದರೆ ದುಡ್ಡು ಗಾಳಿಗೆ ಬಿಟ್ಟ ಹಾಗೆ. ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಬೇಕು, ದೊಡ್ಡ ಅನುಮಾನ ಇದ್ದರೆ ನೈಟ್ರೋಜನ್ ಒತ್ತಡ ಕೊಟ್ಟು ಪರೀಕ್ಷಿಸಬೇಕು. ಆಕ್ಸಿಜನ್ ಸಿಲಿಂಡರ್ ಹಚ್ಚಲು ಬಂದರೆ ತಕ್ಷಣ ನಿಲ್ಲಿಸಿ. ಎಣ್ಣೆ ಮತ್ತು ಆಕ್ಸಿಜನ್ ಸೇರಿದರೆ ಸ್ಫೋಟ ಆಗುತ್ತದೆ. ತುಂಬಿಸುವಾಗ ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು, ಯೂನಿಟ್ಟಿನ ಪ್ಲೇಟಿನ ಮೇಲೆ ಬರೆದಷ್ಟೇ ತೂಕ ಹಾಕಿಸಿ.

ಫಿಲ್ಟರ್, ಸರ್ವಿಸ್ ಯಾವಾಗ ಮಾಡಬೇಕು?

ಫಿಲ್ಟರ್ ನೀವೇ ತೊಳೆಯಿರಿ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ. ವಾಡಿ, ಸೇಡಂ, ಚಿತ್ತಾಪುರ ಕಡೆ ಕಲ್ಲಿನ ಖಣಿ, ಸಿಮೆಂಟ್ ಕಾರ್ಖಾನೆ ಹತ್ತಿರ ಇದ್ದರೆ ವಾರಕ್ಕೊಮ್ಮೆ. ಮುಂದಿನ ಮುಚ್ಚಳ ಎತ್ತಿ, ಜಾಳಿಗೆ ತೆಗೆದು, ತಣ್ಣೀರಿನಲ್ಲಿ ಹಿಂಬದಿಯಿಂದ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ಬಿಸಿಲಲ್ಲಿ ಇಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ದೊಡ್ಡ ಸರ್ವಿಸ್‌ಗೆ ನಮ್ಮ ಭಾಗದಲ್ಲಿ ಸರಿಯಾದ ಕಾಲ ತೊಗರಿ ರಾಶಿ ಮುಗಿದ ಮೇಲೆ, ಅಂದರೆ ಫೆಬ್ರುವರಿ. ರಾಶಿ ಕಾಲದಲ್ಲಿ ಹೊಟ್ಟು, ಧೂಳು ಊರೆಲ್ಲ ಹಾರುತ್ತದೆ. ಹೊರಗಿನ ಕಾಯಿಲ್ಲಿನ ತೆಳು ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತುಬಿಡುತ್ತದೆ. ಮುಂದಿನಿಂದ ನೋಡಿದರೆ ಕಾಣುವುದಿಲ್ಲ, ಹಿಂದೆ ಹೋಗಿ ಟಾರ್ಚ್ ಬಿಟ್ಟು ನೋಡಬೇಕು. ಜನವರಿಯಲ್ಲೇ ಸರ್ವಿಸ್ ಮಾಡಿಸಿದರೆ ಮತ್ತೆ ತುಂಬುತ್ತದೆ. ಏಪ್ರಿಲ್‌ಗೆ ಬಿಟ್ಟರೆ ಮೆಕ್ಯಾನಿಕ್ ಸಿಗುವುದಿಲ್ಲ.

ತೊಳೆಯುವಾಗ ಎಂಸಿಬಿ ಇಳಿಸಿರಲಿ. ನೀರು ಒಳಗಿನಿಂದ ಹೊರಕ್ಕೆ ಹೋಗಬೇಕು, ಒತ್ತಡ ಕಡಿಮೆ ಇರಬೇಕು. ಕಾರು ತೊಳೆಯುವ ಪಂಪನ್ನು ಹತ್ತಿರದಿಂದ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ, ಮತ್ತೆ ಗಾಳಿಯೇ ಹೋಗುವುದಿಲ್ಲ. ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಪ್ಲಾಸ್ಟಿಕ್ ಹೊದಿಸಿಯೇ ನೀರು ಮುಟ್ಟಬೇಕು. ಆ ಪೆಟ್ಟಿಗೆಯೊಳಗೆ ಹಲ್ಲಿ, ಇರುವೆ ಹೋಗಿ ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡು) ಸುಡುವುದೂ ಉಂಟು. ವೈರ್ ಹೋಗುವ ರಂಧ್ರ ಮುಚ್ಚಿಸಿ. ಗಾಳಿ ಹೋಗುವ ಜಾಗ ಮಾತ್ರ ಮುಚ್ಚಬೇಡಿ.

ಇಂಡೋರ್‌ನಿಂದ ಕೋಣೆಯೊಳಗೆ ನೀರು ಸೋರುತ್ತಿದೆ. ಕೆಟ್ಟಿತಾ?

ಬಹಳ ಸಲ ನೀರಿನ ಪೈಪಿನಲ್ಲಿ ಪಾಚಿ ಕಟ್ಟಿರುತ್ತದೆ, ಇಲ್ಲವೇ ಇಲಿ ಕಡಿದಿರುತ್ತದೆ. ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಬಂದ್ ಮಾಡಿ, ಕರಗಲು ಬಿಡಿ, ಮೊದಲು ಫಿಲ್ಟರ್ ನೋಡಿ. ಫಿಲ್ಟರ್ ಸ್ವಚ್ಛ ಇದ್ದೂ ಗಡ್ಡೆ ಕಟ್ಟಿದರೆ ಗ್ಯಾಸ್ ಕಡಿಮೆ ಇರಬಹುದು. ಎಸಿಯ ನೀರನ್ನು ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ, ನೆಲ ಒರೆಸಲು ಬಳಸಿ. ಬ್ಯಾಟರಿಗೆ ಮಾತ್ರ ಹಾಕಬೇಡಿ, ಅದರಲ್ಲಿ ಕಾಯಿಲ್ಲಿನ ಧೂಳು ಸೇರಿರುತ್ತದೆ.

ಬೀದರ್ ಚಳಿಗೆ ಹಾಟ್ ಆ್ಯಂಡ್ ಕೋಲ್ಡ್ ಎಸಿ ತಗೊಳ್ಳಬಹುದಾ?

ಬೀದರ್ 650 ಮೀಟರ್‌ಗಿಂತ ಎತ್ತರದಲ್ಲಿದೆ, ಕಲಬುರಗಿ ಸುಮಾರು 450. ಡಿಸೆಂಬರ್, ಜನವರಿಯಲ್ಲಿ ಬೀದರ್ ರಾತ್ರಿ ಕೆಲವೊಮ್ಮೆ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಗಟ್ಟಿಮುಟ್ಟಾದವರಿಗೆ ಕಂಬಳಿ ಸಾಕು. ಮನೆಯಲ್ಲಿ ಉಬ್ಬಸ ಇರುವವರು, ಹಿರಿಯರು, ಬಾಣಂತಿ ಇದ್ದರೆ ತೆಗೆದುಕೊಳ್ಳಿ. ಹೇಗೂ ಬೇಸಿಗೆಗೆ ಎಸಿ ಕೊಳ್ಳುವವರಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟು ಇದನ್ನೇ ಕೊಂಡರೆ ಎರಡೂ ಕಾಲಕ್ಕೆ ಆಯಿತು.

2000 ವ್ಯಾಟಿನ ರೂಮ್ ಹೀಟರ್ ಒಂದು ತಾಸಿಗೆ 2 ಯೂನಿಟ್ ತಿನ್ನುತ್ತದೆ. ಅಷ್ಟೇ ಬಿಸಿಯನ್ನು ಹೀಟ್ ಪಂಪ್ ಬೀದರ್‌ನಂಥ ಚಳಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕರೆಂಟಿನಲ್ಲಿ ಕೊಡುತ್ತದೆ. ಆನ್ ಮಾಡಿದ ಕೂಡಲೇ ಗಾಳಿ ಬರದಿದ್ದರೆ ಗಾಬರಿ ಬೇಡ, ಕಾಯಿಲ್ ಬಿಸಿಯಾಗುವವರೆಗೆ ಫ್ಯಾನ್ ಕಾಯುತ್ತದೆ. ಬಿಸಿಗಾಳಿ ಮೇಲಕ್ಕೇ ಏರುತ್ತದೆ, ಆದ್ದರಿಂದ ಪಟ್ಟಿಗಳನ್ನು ಕೆಳಕ್ಕೆ ತಿರುಗಿಸಿ. ಚಳಿಗಾಲದಲ್ಲಿ ನೀರು ತೊಟ್ಟಿಕ್ಕುವುದು ಔಟ್‌ಡೋರ್‌ನಿಂದ.

ಒಂದನ್ನು ಮಾತ್ರ ಮಾಡಬೇಡಿ. ಕದ ಕಿಟಕಿ ಹಾಕಿ ಇದ್ದಿಲ ಒಲೆ ಇಟ್ಟುಕೊಂಡು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಮಗಳು ಕೆನಡಾದಲ್ಲಿದ್ದಾಳೆ. ಹಿಮ ಬೀಳುವಾಗಲೂ ಅಲ್ಲಿ ಹೀಟ್ ಪಂಪ್ ನಡೆಯುತ್ತದಂತೆ, ಹೇಗೆ?

ಮೈನಸ್ 10 ಡಿಗ್ರಿಯ ಗಾಳಿಯಲ್ಲೂ ಬಿಸಿ ಇರುತ್ತದೆ, ನಮ್ಮ ಮೈಗೆ ಗೊತ್ತಾಗುವುದಿಲ್ಲ ಅಷ್ಟೇ. ಆರ್-32 ಗ್ಯಾಸ್ ಸಾಮಾನ್ಯ ಒತ್ತಡದಲ್ಲಿ ಸುಮಾರು ಮೈನಸ್ 52 ಡಿಗ್ರಿಗೇ ಕುದಿಯುತ್ತದೆ. ಅದಕ್ಕೆ ಮೈನಸ್ 10ರ ಗಾಳಿಯೂ ಬಿಸಿಯೇ. ನಾರ್ವೆ, ಸ್ವೀಡನ್, ಫಿನ್ಲೆಂಡ್‌ನಂಥ ಚಳಿ ದೇಶಗಳಲ್ಲೇ ಮನೆ ಮನೆಗೆ ಹೀಟ್ ಪಂಪ್ ಇದೆ. ಚಳಿ ಹೆಚ್ಚಿದಷ್ಟೂ ಶಕ್ತಿ ಇಳಿಯುತ್ತದೆ, ಅದಕ್ಕೇ ಅಲ್ಲಿ ಮೈನಸ್ 25ರವರೆಗೆ ನಡೆಯುವ ಬೇರೆ ಮಾಡೆಲ್‌ಗಳು ಸಿಗುತ್ತವೆ.

ಮಗಳಿಗೆ ಇಷ್ಟು ಹೇಳಿ. ಔಟ್‌ಡೋರ್ ಹಿಮಕ್ಕಿಂತ ಎತ್ತರದ ಸ್ಟ್ಯಾಂಡ್ ಮೇಲಿರಲಿ. ಕಾಯಿಲ್ ಮೇಲೆ ಹಿಮ ಕಟ್ಟಿದಾಗ ಮಷೀನು ತಾನೇ ದಿಕ್ಕು ತಿರುಗಿಸಿ ಕರಗಿಸುತ್ತದೆ. ಆಗ ಹೊರಗೆ ಬರುವ ಹಬೆ ಹೊಗೆಯಲ್ಲ. ಗಡ್ಡೆಯನ್ನು ಚೂಪಾದ ವಸ್ತುವಿನಿಂದ ಕುಟ್ಟಬಾರದು. ರಾತ್ರಿ ಪೂರ್ತಿ ಬಂದ್ ಮಾಡಿ ಬೆಳಗ್ಗೆ ಜೋರು ಮಾಡುವುದಕ್ಕಿಂತ ಒಂದೇ ಮಟ್ಟಕ್ಕೆ ಇಟ್ಟರೆ ಒಳ್ಳೆಯದು.

ಸ್ನಾನದ ನೀರಿಗೆ ಹೀಟ್ ಪಂಪ್ ಹಾಕಿಸಲಾ?

ಮಾಳಿಗೆ ನಿಮ್ಮದೇ ಆಗಿದ್ದರೆ ಮೊದಲು ಸೋಲಾರ್ ನೋಡಿ, ಬಿಸಿಲಿಗೆ ನಮ್ಮಲ್ಲಿ ಬರ ಇಲ್ಲ. ಅಪಾರ್ಟ್‌ಮೆಂಟ್, ಹಾಸ್ಟೆಲ್, ಪಿಜಿ, ಲಾಡ್ಜ್ ನಡೆಸುವವರಿಗೆ ಹೀಟ್ ಪಂಪ್ ಬಹಳ ಒಳ್ಳೆಯದು. 100 ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಕಾಯಿಸಲು ಗೀಸರ್‌ಗೆ ಸುಮಾರು 3.5 ಯೂನಿಟ್ ಬೇಕು, ಹೀಟ್ ಪಂಪ್‌ಗೆ ಒಂದೂಕಾಲು ಯೂನಿಟ್ ಆಸುಪಾಸು. ಆದರೆ ಇದು ನಿಧಾನ, ತಾಸುಗಟ್ಟಲೆ ಬೇಕು. ದೊಡ್ಡ ಟ್ಯಾಂಕ್ ಇಟ್ಟು ಮಧ್ಯಾಹ್ನವೇ ಕಾಯಿಸಿಡಬೇಕು.

ನಮ್ಮ ಬೋರ್ ನೀರು ಬಹಳ ಗಡಸು. ಸುಣ್ಣದ ಕಲ್ಲಿನ ನೆಲ ಅಲ್ವಾ? ಟ್ಯಾಂಕ್ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಸಾಫ್ಟನರ್ ಹಾಕಿಸಿ, ಇಲ್ಲವೇ ವರ್ಷಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿಸಿ ತೊಳೆಸಿ. ಟ್ಯಾಂಕಿನೊಳಗಿನ ಆನೋಡ್ ಕಡ್ಡಿಯನ್ನೂ ಆಗ ತೆಗೆದು ನೋಡಿ. ಟ್ಯಾಂಕ್ ತುಕ್ಕು ಹಿಡಿಯದಂತೆ ಅದು ತಾನು ಸವೆಯುತ್ತದೆ. ಪೂರ್ತಿ ಸವೆದಿದ್ದರೆ ಬದಲಿಸಬೇಕು, ಟ್ಯಾಂಕಿನ ಬೆಲೆ ನೋಡಿದರೆ ಕಡ್ಡಿ ಏನೂ ಅಲ್ಲ.

ಮನೆ ಬದಲಿಸುತ್ತಿದ್ದೇವೆ. ಎಸಿ ಬಿಚ್ಚಿ ಒಯ್ಯುವುದು ಹೇಗೆ?

ಬಿಚ್ಚುವ ಮೊದಲು ಗ್ಯಾಸನ್ನೆಲ್ಲ ಔಟ್‌ಡೋರ್ ಒಳಗೆ ಎಳೆದು ವಾಲ್ವ್ ಮುಚ್ಚಬೇಕು. ಇದಕ್ಕೆ 'ಪಂಪ್ ಡೌನ್' ಅನ್ನುತ್ತಾರೆ. ಪೈಪಿನ ಬಾಯಿಗಳಿಗೆ ಟೇಪ್ ಸುತ್ತಿಸಿ, ಧೂಳು ಹೋಗದಿರಲಿ. ಹಳೆಯ ಫ್ಲೇರನ್ನೇ ಮತ್ತೆ ಬಿಗಿಯಬಾರದು. ತುದಿ ಕತ್ತರಿಸಿ ಹೊಸದು ಮಾಡಿಸಿ, ಹೊಸ ಮನೆಯಲ್ಲೂ ವ್ಯಾಕ್ಯೂಮ್ ಮಾಡಿಸಿ. ಔಟ್‌ಡೋರ್‌ನ್ನು ಟಂಟಂನಲ್ಲಿ ಒಯ್ಯುವಾಗ ನೆಟ್ಟಗೆ ನಿಲ್ಲಿಸಿಯೇ ಒಯ್ಯಬೇಕು. ಅಡ್ಡ ಮಲಗಿಸಿದ್ದರೆ, ನೆಟ್ಟಗೆ ಇಟ್ಟ ಮೇಲೆ ಕೆಲವು ತಾಸು ಬಿಟ್ಟು ಆನ್ ಮಾಡಿ, ಎಣ್ಣೆ ಕಂಪ್ರೆಸರ್‌ಗೆ ವಾಪಸ್ ಇಳಿಯಲಿ.